ಓದದ ಪುಸ್ತಕಗಳ ರಾಶಿ ಕರಗಿಸುವುದು ಹೇಗೆ: ರಾಗಿ, ಸೊಪ್ಪು, ಉಪ್ಪಿನಕಾಯಿ ಲೆಕ್ಕ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಮಂಡ್ಯದಲ್ಲಿ. ದಿನಾ ರೈಲು. "ಓದೋಕೆ ಇದಕ್ಕಿಂತ ಒಳ್ಳೆ ಜೀವನ ಬೇಕಾ?" ಅಂತ ಕೇಳದವರಿಲ್ಲ. ಆದರೆ 2024ರ ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುತ್ತಿದ್ದಾಗ ನಮ್ಮ ಅತ್ತೆ ಒಂದು ಮಾತು ಹೇಳಿದರು. ಪೂಜೆಗೆ ಇಟ್ಟ ಪುಸ್ತಕವನ್ನು ವಿಸರ್ಜನೆ ಆಗುವವರೆಗೆ ಓದುವ ಹಾಗಿಲ್ಲ ಅನ್ನುವುದು ನಮ್ಮಲ್ಲಿ ರೂಢಿ, ಅಲ್ವಾ? ಅದನ್ನೇ ಹಿಡಿದುಕೊಂಡು, "ನಿನ್ನ ಪುಸ್ತಕಗಳಿಗೆ ವರ್ಷವೆಲ್ಲಾ ಪೂಜೆನೇ ಬಿಡಮ್ಮ" ಅಂದರು.

ನಗು ಬಂತು. ಆಮೇಲೆ ಉರಿಯಿತು. ವಿಜಯದಶಮಿ ಕಳೆದ ಭಾನುವಾರ ಮನೆಯ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದೆ. ಅವತ್ತಿನಿಂದ ಒಂದು ವರ್ಷ ಏನೇನು ಮಾಡಿದೆ, ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಮಂಚದ ಕೆಳಗೆ ಒಂದು ರಾಶಿ ಇದ್ದರೆ ಇದೇ ಕ್ರಮದಲ್ಲಿ ಮಾಡಿ ನೋಡಿ.

1. ಎಲ್ಲವನ್ನೂ ನೆಲಕ್ಕೆ ಇಳಿಸಿ, ಎಣಿಸಿ

ಶೆಲ್ಫಿನಲ್ಲಿ ಇರುವುದನ್ನು ಮಾತ್ರ ಎಣಿಸಿದರೆ ನಿಮಗೆ ನೀವೇ ಮೋಸ ಮಾಡಿಕೊಂಡ ಹಾಗೆ. ಅಟ್ಟ, ಮಂಚದ ಕೆಳಗೆ, ಟೀವಿ ಸ್ಟ್ಯಾಂಡು, ಆಫೀಸಿನ ಡ್ರಾಯರ್, ಹಳೆ ಸೂಟ್‌ಕೇಸ್, ಎಲ್ಲ ಕಡೆ ಹುಡುಕಿ. ನನಗೆ ದಿಂಬಿನ ಕವರ್‌ಗಳ ಮಧ್ಯೆ ಎರಡು ಸಿಕ್ಕವು. ಬಚ್ಚಿಟ್ಟವಳು ನಾನೇ. ಮತ್ತೆ ಪುಸ್ತಕ ತಂದೆ ಅಂತ ಮನೆಯಲ್ಲಿ ಬೈಸಿಕೊಳ್ಳುವುದು ಬೇಡ ಅಂತ.

ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ಹಾಲ್‌ನಲ್ಲಿ ಚಾಪೆ ಹಾಸಿ. ಓದಿದ್ದು ಗೋಡೆ ಕಡೆ, ಓದದ್ದು ಬಾಗಿಲ ಕಡೆ. ಅರ್ಧ ಓದಿ ಬಿಟ್ಟದ್ದು ಓದದ್ದರ ಲೆಕ್ಕಕ್ಕೇ ಹೋಗಲಿ. ಇಲ್ಲಿ ದಯೆ ತೋರಿಸಬೇಡಿ.

ಪ್ರತಿ ಪುಸ್ತಕವನ್ನೂ ಕೈಗೆತ್ತಿಕೊಂಡು ಪುಟಗಳನ್ನು ಒಮ್ಮೆ ಜಾಡಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಅಟ್ಟದಲ್ಲಿದ್ದ ಒಂದು ರಟ್ಟಿನ ಡಬ್ಬಕ್ಕೆ ಬೂಷ್ಟು ಬಂದಿದೆ ಅಂತ ಅದನ್ನು ತೆರೆದೂ ನೋಡದೆ ರದ್ದಿಯವನಿಗೆ ಕೊಟ್ಟೆ. ತಿಂಗಳಾದ ಮೇಲೆ ಜ್ಞಾಪಕಕ್ಕೆ ಬಂತು. ಅದು ನಮ್ಮಪ್ಪ ಊರಿನಿಂದ ಕಳಿಸಿದ್ದ ಡಬ್ಬ. ಅಪ್ಪ ಓದುತ್ತಿದ್ದ ಪುಟಕ್ಕೆ ಗುರುತಾಗಿ ಕಬ್ಬಿನ ತೂಕದ ಚೀಟಿ ಇಡುತ್ತಿದ್ದರು. ಫ್ಯಾಕ್ಟರಿಯಲ್ಲಿ ಗಾಡಿ ತೂಗಿ ಕೊಡುವ ಚೀಟಿ. ಹಿಂದೆ ಪೆನ್ಸಿಲ್ಲಿನಲ್ಲಿ ಗೊಬ್ಬರದ ಲೆಕ್ಕ, ಕೂಲಿಯವರ ಹೆಸರು. ಪುಸ್ತಕ ಇನ್ನೊಂದು ಪ್ರತಿ ಸಿಗಬಹುದು. ಆ ಚೀಟಿ ಎಲ್ಲಿಂದ ತರಲಿ?

ಹಾಗಾಗಿ ಜಾಡಿಸಿ. ಫೋಟೋ, ಕಾಗದ, ನೋಟು, ಏನು ಬೇಕಾದರೂ ಉದುರಬಹುದು. ಒಳಗೆ ಬಿಲ್ಲು ಸಿಕ್ಕರೆ ಎಸೆಯಬೇಡಿ. ಯಾವಾಗ ಕೊಂಡದ್ದು ಅಂತ ಅದೇ ಹೇಳುತ್ತದೆ. 2017ರ ನವೆಂಬರಿನಲ್ಲಿ ಮೈಸೂರಿನಲ್ಲಿ 83ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿ ಮಹಾರಾಜ ಕಾಲೇಜು ಮೈದಾನದ ಮಳಿಗೆಗಳಲ್ಲಿ ಕೊಂಡ 19 ಪುಸ್ತಕಗಳಲ್ಲಿ 12ನ್ನು ನಾನು ತೆರೆದೇ ಇರಲಿಲ್ಲ. ಒಂದಂತೂ ಮಳಿಗೆಯವರು ಕೊಟ್ಟ ಕವರಿನಲ್ಲೇ ಇತ್ತು. ಒಂದೇ ಕಾದಂಬರಿ ಮೂರು ಪ್ರತಿ ಸಿಕ್ಕಿತು. ಪ್ರತಿ ಸಲ "ಇದನ್ನು ಓದಲೇಬೇಕು" ಅಂತಲೇ ಕೊಂಡಿದ್ದೆ ನೋಡಿ.

ಫೋನಿನಲ್ಲಿ ಸುಮ್ನೆ ಒಂದು ಪಟ್ಟಿ ಮಾಡಿ. ಹೆಸರು, ಪುಟ, ಕೊಂಡ ವರ್ಷ, ಅಷ್ಟು ಸಾಕು. ನನ್ನ ಎಣಿಕೆ 214ಕ್ಕೆ ನಿಂತಿತು.

2. ರಾಗಿ ಯಾವುದು, ಸೊಪ್ಪು ಯಾವುದು

ಕತೆ, ಕಾದಂಬರಿ, ಕವಿತೆ ಅಂತ ವಿಂಗಡಿಸುವುದು ಗ್ರಂಥಾಲಯಕ್ಕೆ ಸರಿ. ರಾಶಿ ಕರಗಿಸುವುದಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ನಾನು ಬೇರೆ ಲೆಕ್ಕ ಹಿಡಿದೆ.

ನಮ್ಮೂರು ಮಂಡ್ಯ ಕಡೆಯ ಹಳ್ಳಿ. ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಬಂದಾಗ ಬಾಯಿ ತೆಗೆಯುತ್ತಿದ್ದರು. ಹಗೇವು ತುಂಬಿದೆ ಅಂತ ಯಾರಾದರೂ ನಾಚಿಕೊಂಡಿದ್ದನ್ನು ನಾನು ಕಾಣೆ. ಆದರೆ ದಂಟಿನ ಸೊಪ್ಪನ್ನು ಹಗೇವಿಗೆ ಹಾಕುವವರುಂಟೇ?

ಪುಸ್ತಕದಲ್ಲೂ ರಾಗಿ ಉಂಟು, ಸೊಪ್ಪು ಉಂಟು. ದೊಡ್ಡ ಕಾದಂಬರಿ, ಹಳಗನ್ನಡ ಕಾವ್ಯ, ಒಳ್ಳೆಯ ಆತ್ಮಕತೆ, ಇವು ರಾಗಿ. ಈ ವರ್ಷ ಓದದಿದ್ದರೆ ಹತ್ತು ವರ್ಷ ಬಿಟ್ಟು ಓದಿ. ಕೆಡುವುದಿಲ್ಲ. ಇವುಗಳ ಬಗ್ಗೆ ಬೇಜಾರು ಮಾಡಿಕೊಳ್ಳುವುದನ್ನು ಇವತ್ತೇ ಬಿಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಕಂಪ್ಯೂಟರ್ ಕಲಿಸುವ ಪುಸ್ತಕ, ಮುಗಿದುಹೋದ ಚುನಾವಣೆಯ ವಿಶ್ಲೇಷಣೆ, ಆದಾಯ ತೆರಿಗೆಯ ಕೈಪಿಡಿ, ಇವು ಸೊಪ್ಪು. ಬಾಡಿದ ಮೇಲೆ ಇಟ್ಟುಕೊಂಡು ಏನು ಮಾಡುತ್ತೀರಿ? ನನ್ನ ಹತ್ತಿರ ವಿಂಡೋಸ್ ಎಕ್ಸ್‌ಪಿ ಕಲಿಯುವ ಪುಸ್ತಕ ಇತ್ತು. ಮೈಕ್ರೋಸಾಫ್ಟ್‌ನವರೇ ಅದರ ಕೈ ಬಿಟ್ಟಿದ್ದು 2014ರಲ್ಲಿ. ನಾನು ಮಾತ್ರ ಬಿಟ್ಟಿರಲಿಲ್ಲ.

ಮೂರನೆಯದು ಉಪ್ಪಿನಕಾಯಿ. ನಿಘಂಟು, ಗಾದೆಗಳ ಸಂಗ್ರಹ, ವಚನ, ಅಡುಗೆ ಪುಸ್ತಕ, ಬಿಡಿ ಪ್ರಬಂಧಗಳು. ಇವನ್ನು ಮೊದಲ ಪುಟದಿಂದ ಕೊನೆಯವರೆಗೆ ಯಾರೂ ಓದಬೇಕಾಗಿಲ್ಲ. ಬೇಕಾದಾಗ ನೆಂಚಿಕೊಂಡರೆ ಸಾಕು. ಇವನ್ನು "ಓದದ್ದು" ಅನ್ನುವ ಲೆಕ್ಕದಲ್ಲಿ ಇಟ್ಟುಕೊಂಡು ಕೊರಗುವುದು ಜಾಡಿ ಖಾಲಿಯಾಗಿಲ್ಲ ಅಂತ ಅಳುವ ಹಾಗೆ.

ನನ್ನ 214ರಲ್ಲಿ ರಾಗಿ 118, ಸೊಪ್ಪು 52, ಉಪ್ಪಿನಕಾಯಿ 44 ಆಯಿತು. ಅರ್ಧಕ್ಕರ್ಧ ಭಾರ ಅಲ್ಲೇ ಇಳಿಯಿತು.

ಉಡುಗೊರೆ ಬಂದ ಪುಸ್ತಕಗಳು ಒಂದು ತಲೆನೋವು. ಪರಿಚಯದವರು ಬರೆದು, ಸಹಿ ಹಾಕಿ ಕೊಟ್ಟವು. ಸಿಕ್ಕಾಗಲೆಲ್ಲ "ಓದಿದ್ರಾ?" ಅಂತ ಕೇಳುತ್ತಾರೆ. ಅವನ್ನು ಬೇರೆ ಇಡಿ, ಮೊದಲು ಮುಗಿಸಿ. ಪೂರ್ತಿ ಓದಲಾಗದಿದ್ದರೆ ಒಂದು ಕತೆ, ನಾಲ್ಕು ಕವಿತೆ ಓದಿ, ಅದರ ಬಗ್ಗೆ ನಿಜವಾದ ಎರಡು ಮಾತು ಹೇಳಿ. ಬರೆದವರಿಗೆ ಬೇಕಾದದ್ದು ಅಷ್ಟೇ. ಸಹಿ ಇರುವ ಪುಸ್ತಕವನ್ನು ಮಾತ್ರ ರದ್ದಿಗೆ ಹಾಕಬೇಡಿ. ಮೈಸೂರು ಸಣ್ಣ ಊರು.

3. ಧೂಳು, ಬೂಷ್ಟು, ಹುಳ

ಮತ್ತೆ ಜೋಡಿಸುವ ಮೊದಲು ಕ್ಲೀನ್ ಮಾಡಿ. ಈ ಕೆಲಸಕ್ಕೆ ನನಗೆ ಇನ್ನೂ ಎರಡು ಭಾನುವಾರ ಹಿಡಿಯಿತು. ಆದರೆ ಇಲ್ಲಿ ಅವಸರ ಮಾಡಿದರೆ ಮುಂದಿನ ಮಳೆಗಾಲಕ್ಕೆ ಓದಲು ಪುಸ್ತಕವೇ ಇರುವುದಿಲ್ಲ.

ಧೂಳಿಗೆ ಒಣ ಬಟ್ಟೆ, ಮೆತ್ತನೆಯ ಪೇಂಟ್ ಬ್ರಷ್ ಸಾಕು. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಬೆನ್ನಿನಿಂದ ಹೊರಕ್ಕೆ ಗುಡಿಸಿ. ಒದ್ದೆ ಬಟ್ಟೆ ಬೇಡವೇ ಬೇಡ.

ಬೂಷ್ಟು ಹಸಿಯಾಗಿದ್ದರೆ ಒರೆಸಬೇಡಿ. ಒರೆಸಿದರೆ ಕಾಗದದೊಳಕ್ಕೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಮೊದಲು ಗಾಳಿಯಾಡುವ ನೆರಳಿನಲ್ಲಿ, ಫ್ಯಾನಿನ ಕೆಳಗಾದರೂ ಸರಿ, ಪುಟ ಬಿಡಿಸಿ ನಿಲ್ಲಿಸಿ. ಪುಡಿಪುಡಿಯಾದ ಮೇಲೆ ಮನೆ ಹೊರಗೆ ಕೂತು ಬ್ರಷ್ಷಿನಲ್ಲಿ ತೆಗೆಯಿರಿ. ಮೂಗಿಗೆ ಮಾಸ್ಕ್ ಇರಲಿ. ಚೆನ್ನಾಗಿ ಒಣಗಲಿ ಅಂತ ತಾರಸಿಯ ಮೇಲೆ, ಹಪ್ಪಳ ಒಣಗಿಸುವ ಹಾಗೆ, ಉರಿಬಿಸಿಲಿಗೆ ಇಡುವವರಿದ್ದಾರೆ. ಇಡಬೇಡಿ. ಕಾಗದ ಹಳದಿಯಾಗುತ್ತದೆ, ಮುಖಪುಟದ ಬಣ್ಣ ಹೋಗುತ್ತದೆ, ಅಂಟು ಒಣಗಿ ಹಾಳೆ ಕಿತ್ತು ಬರುತ್ತದೆ.

ಹುಳದಲ್ಲಿ ಎರಡು ಮೂರು ಜಾತಿ. ಬೆಳ್ಳಿ ಬಣ್ಣದ, ಪುಟ್ಟ ಮೀನಿನ ಹಾಗೆ ಸರ್ರನೆ ಜಾರಿ ಓಡುವುದು ಒಂದು. ಅದಕ್ಕೆ ಇಷ್ಟ ಬೈಂಡಿಂಗಿನ ಗಂಜಿ, ಅಂಟು. ಕಾಗದವನ್ನು ಮೇಲೆ ಮೇಲೆ ಕೆರೆದು ತಿನ್ನುತ್ತದೆ. ಸೂಜಿಯಲ್ಲಿ ಚುಚ್ಚಿದ ಹಾಗೆ ದುಂಡಗಿನ ತೂತು, ಕೆಳಗೆ ಸಣ್ಣ ಪುಡಿ ಕಂಡರೆ ಅದು ಬೇರೆ ಹುಳ, ಒಳಗೇ ಕೊರೆಯುತ್ತಿದೆ ಅಂತ ಅರ್ಥ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲಿಗೆ ಮನೆಮದ್ದು ಮಾಡುತ್ತಾ ಕೂರಬೇಡಿ. ಪುಸ್ತಕ ಬೇರೆ ಕೋಣೆಗೆ ಸಾಗಿಸಿ, ಔಷಧಿ ಹೊಡೆಯುವವರನ್ನು ಕರೆಸಿ.

ಮೊದಲ ಎರಡಕ್ಕೆ ಫ್ರೀಜರ್ ಒಳ್ಳೆಯ ಉಪಾಯ. ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದ ಹಾಗೆ ಮುಚ್ಚಿ ಎರಡು ವಾರ ಇಡಿ. ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಕವರ್ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ಬೆವರಿ ಒದ್ದೆಯಾಗುತ್ತದೆ. ಮನೆಯಲ್ಲಿ ಮೊದಲೇ ಹೇಳಿಡಿ. ಬಟಾಣಿ ತೆಗೆಯಲು ಹೋದ ಅತ್ತೆ ಕಾದಂಬರಿ ಹಿಡಿದುಕೊಂಡು ಬಂದು, "ಇದನ್ನ ಯಾವ ಪಲ್ಯಕ್ಕೆ ಹಾಕ್ಲಿ?" ಅಂತ ಕೇಳಿದ್ದು ಈಗಲೂ ನೆಂಟರ ಮುಂದೆ ಬರುತ್ತಿರುತ್ತದೆ.

ಬೇವಿನ ಎಲೆ ಇಡುವುದಾದರೆ ಪೂರ್ತಿ ಒಣಗಿಸಿ ಇಡಿ. ಹಸಿ ಎಲೆ ಇಟ್ಟರೆ ನೀವೇ ತೇವ ತಂದಿಟ್ಟ ಹಾಗೆ. ನುಸಿಗುಳಿಗೆ ಮಕ್ಕಳಿರುವ ಮನೆಯಲ್ಲಿ ಬೇಡ. ಮಿಠಾಯಿ ಅಂತ ಬಾಯಿಗೆ ಹಾಕಿಕೊಂಡುಬಿಡುತ್ತವೆ. ಶೆಲ್ಫಿಗೂ ಗೋಡೆಗೂ ಮಧ್ಯೆ ಎರಡು ಮೂರು ಬೆರಳು ಜಾಗ ಬಿಡಿ, ಮಳೆಗೆ ನೆನೆಯುವ ಗೋಡೆಯ ಪಕ್ಕ ಇಡಲೇಬೇಡಿ. ತೀರಾ ಒತ್ತಿ ತುರುಕಲೂ ಬೇಡಿ. ಗಾಳಿಯಾಡಿದರೆ ಅರ್ಧ ಕಾಯಿಲೆ ಬರುವುದೇ ಇಲ್ಲ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಶುರುವಾಗಿದ್ದು 1891ರಲ್ಲಿ. ತಂಜಾವೂರು ಕಡೆಯ ಒಬ್ಬ ಪಂಡಿತರು ಅಲ್ಲಿಗೆ ಒಂದು ತಾಳೆಗರಿ ಕಟ್ಟು ಕೊಟ್ಟರು. ಗ್ರಂಥ ಲಿಪಿಯದು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದರು. 1909ರಲ್ಲಿ ಅಚ್ಚಾಯಿತು. ಅಷ್ಟು ಕಾಲ ಇಡೀ ಲೋಕ ಕಳೆದೇಹೋಯಿತು ಅಂದುಕೊಂಡಿದ್ದ ಪುಸ್ತಕ ಅದು. ಹುಳ ತಿನ್ನದ ಹಾಗೆ ಉಳಿದಿದ್ದಕ್ಕೆ ತಾನೇ ಶಾಸ್ತ್ರಿಗಳ ಕೈಗೆ ಬಂದದ್ದು? ಇದನ್ನು ಅತ್ತೆಗೆ ಹೇಳಿದೆ. "ಅವರು ಬಿಚ್ಚಿ ಓದಿದ್ರಲ್ಲಮ್ಮ" ಅಂದರು.

4. ಐದೇ ಐದು ಎದುರಿಗೆ

ಕಣ್ಣಿಗೆ ಬೀಳದ ಪುಸ್ತಕ ಕೈಗೂ ಬರುವುದಿಲ್ಲ. ಹಾಗಂತ ಇನ್ನೂರೂ ಎದುರಿಗಿದ್ದರೆ ಯಾವುದೂ ಕಾಣುವುದಿಲ್ಲ. ಐದು ಆರಿಸಿ. ಮುಖಪುಟ ಕಾಣುವ ಹಾಗೆ, ಬೀಗದ ಕೈ ಇಡುವ ಜಾಗದಲ್ಲಿ ನಿಲ್ಲಿಸಿ. ಉಳಿದದ್ದೆಲ್ಲ ಒಳಗೆ.

ಐದೂ ದಪ್ಪ ಪುಸ್ತಕ ಬೇಡ. ನಾನು ಒಂದು ದೊಡ್ಡದು, ನೂರು ಪುಟದೊಳಗಿನದು ಎರಡು, ಒಂದು ಕವನ ಸಂಕಲನ, ಒಂದು ಬಹಳ ಹಳೆಯ ಬಾಕಿ ಇಡುತ್ತೇನೆ. ರೈಲಿಗೆ ತೆಳ್ಳಗಿನದು, ಮಂಚಕ್ಕೆ ದಪ್ಪದ್ದು. ನಿಂತುಕೊಂಡು ಒಂದು ಕೈಯಲ್ಲಿ ಕಂಬಿ ಹಿಡಿದಾಗ 600 ಪುಟದ ಕಾದಂಬರಿ ಎತ್ತಿ ನೋಡಿ, ಗೊತ್ತಾಗುತ್ತದೆ.

30 ಪುಟ ಓದಿ. ಹಿಡಿಸದಿದ್ದರೆ ಕೆಳಗಿಡಿ. ಇದು ನನಗೆ ಬಹಳ ಕಷ್ಟವಾಯಿತು. ತಟ್ಟೆಯಲ್ಲಿ ಅನ್ನ ಬಿಡಬಾರದು ಅಂತ ಬೆಳೆದವರು ನಾವು. ಆದರೆ ಹಿಡಿಸದ ಒಂದು ಪುಸ್ತಕ ಎರಡು ತಿಂಗಳು ಬ್ಯಾಗಿನಲ್ಲೇ ಕೂತು ಬೇರೆಯವನ್ನೂ ಓದಲು ಬಿಡಲಿಲ್ಲ. ಎಡವಿದ್ದು ಅಲ್ಲೇ. ರಾಗಿಯಾಗಿದ್ದರೆ ಒಳಗೆ ವಾಪಸ್ ಹೋಗಲಿ, ಮುಂದೆ ನೋಡೋಣ.

5. ನಿಮ್ಮ ವೇಗ ಅಳೆಯಿರಿ, ಊಹಿಸಬೇಡಿ

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್, ನಮ್ಮ ರೈಲಿಗೆ ಹೆಚ್ಚುಕಮ್ಮಿ ಒಂದು ಗಂಟೆ. ಒಂದು ಗಂಟೆ ಓದುತ್ತೇನೆ ಅಂದುಕೊಂಡಿದ್ದೆ. ಒಂದು ವಾರ ಬರೆದಿಟ್ಟು ನೋಡಿದೆ. ಹತ್ತುವ ಗಲಾಟೆ, ಸೀಟು, "ಸ್ವಲ್ಪ ಸರೀರಿ", ಆಮೇಲೆ ಫೋನು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ದಾಟುವವರೆಗೆ ಪುಸ್ತಕವೇ ಹೊರಗೆ ಬರುವುದಿಲ್ಲ. ಪಾಂಡವಪುರದಿಂದ ಯಲಿಯೂರಿನವರೆಗೆ ಚೆನ್ನಾಗಿ ಸಾಗುತ್ತದೆ. ಒಟ್ಟು 20 ಪುಟ. ಬರುವಾಗ ನಿದ್ದೆ, ಇಲ್ಲವೇ ಮಾತು. ಅದರ ಲೆಕ್ಕ ಸೊನ್ನೆ.

ವರ್ಷಕ್ಕೆ 230 ದಿನ ರೈಲು ಅಂದುಕೊಳ್ಳಿ. 4,600 ಪುಟ. ಪುಸ್ತಕಕ್ಕೆ 200 ಪುಟ ಅಂದರೆ 23 ಪುಸ್ತಕ. 214 ಮುಗಿಯಲು ಒಂಬತ್ತು ವರ್ಷದ ಮೇಲೆ, ಅದೂ ಒಂದೇ ಒಂದು ಹೊಸ ಪುಸ್ತಕ ಕೊಳ್ಳದಿದ್ದರೆ. ನಾನು ವರ್ಷಕ್ಕೆ ಮೂವತ್ತಾದರೂ ಕೊಳ್ಳುತ್ತಿದ್ದೆ. ಅಂದರೆ ರಾಶಿ ಎಂದೂ ಕರಗುವ ಹಾಗೇ ಇರಲಿಲ್ಲ. ಸೋಮಾರಿತನ ಅಂತ ನನ್ನನ್ನು ನಾನು ಬೈದುಕೊಂಡಿದ್ದು ಸುಮ್ನೆ. ಇದು ಬರೀ ಕೂಡುವ ಕಳೆಯುವ ಲೆಕ್ಕ.

ನಿಮ್ಮದೂ ಹೀಗೇ ಒಂದು ವಾರ ಬರೆದು ನೋಡಿ. ಬೆಳಿಗ್ಗೆ ಕಾಫಿ ಜೊತೆ ಐದು ಪುಟ ಸಾಗುತ್ತದಾ? ಅದೂ ವರ್ಷಕ್ಕೆ 1,800 ಪುಟ ದಾಟುತ್ತದೆ.

6. ನಲ್ಲಿ ನಿಲ್ಲಿಸಬೇಡಿ, ಸಣ್ಣದು ಮಾಡಿ

"ಈ ವರ್ಷ ಒಂದೂ ಕೊಳ್ಳಲ್ಲ" ಅನ್ನುವ ಶಪಥ ಮಾಡಲೇಬೇಡಿ. ನಾನು ಎರಡು ಸಲ ಮಾಡಿದ್ದೆ. ಎರಡೂ ಸಲ ನವೆಂಬರಿನ ರಾಜ್ಯೋತ್ಸವ ರಿಯಾಯಿತಿ ಬಂದು ಮುರಿಯಿತು. ಉಪವಾಸ ಮುರಿದವರು ಜಾಸ್ತಿ ತಿನ್ನುತ್ತಾರೆ, ಗೊತ್ತಲ್ಲ.

ಈಗಿನ ನಿಯಮ: ಎರಡು ಮುಗಿಸಿದರೆ ಒಂದು ಕೊಳ್ಳಬಹುದು. ಅಂಗಡಿಯಲ್ಲಿ ಕಂಡು ಆಸೆಯಾದರೆ ಮುಖಪುಟದ ಫೋಟೋ ತೆಗೆದುಕೊಳ್ಳುತ್ತೇನೆ. ತಿಂಗಳಾದ ಮೇಲೆ ಫೋಟೋ ನೋಡಿ ಇನ್ನೂ ಬೇಕು ಅನಿಸಿದರೆ ಹೋಗಿ ತರುತ್ತೇನೆ. ಮುಕ್ಕಾಲು ಪಾಲು ಫೋಟೋ ನೋಡಿದಾಗ ಯಾಕೆ ತೆಗೆದೆ ಅಂತಲೇ ಜ್ಞಾಪಕ ಇರುವುದಿಲ್ಲ.

ಇದಕ್ಕೆ ಒಂದು ವಿನಾಯಿತಿ ಕೊಟ್ಟಿದ್ದೇನೆ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕಿದರೇ ಹೆಚ್ಚು. ಸಣ್ಣ ಪ್ರಕಾಶನದ ಕವನ ಸಂಕಲನವೋ, ಯಾವುದೋ ಊರಿನ ಸ್ಥಳೀಯ ಇತಿಹಾಸವೋ ಒಮ್ಮೆ ಮುಗಿದರೆ ಮತ್ತೆ ಅಚ್ಚಾಗುವುದು ಅಪರೂಪ. ಅಂಥದ್ದು ಕಂಡರೆ ಕೊಂಡುಬಿಡಿ. ಅದು ರಾಗಿ. ಎಲ್ಲ ಕಡೆ ಸಿಗುವ ಜನಪ್ರಿಯ ಪುಸ್ತಕಕ್ಕೆ ಅವಸರ ಏನಿದೆ? ಅದು ಅಂಗಡಿಯಲ್ಲೇ ಇರಲಿ, ಅಂಗಡಿಯವರೇ ಧೂಳು ಒರೆಸಲಿ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಮ್ಮೇಳನ ಆಯಿತು. ನಿಯಮ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ. ಚೀಟಿಯಲ್ಲಿ ನಾಲ್ಕು ಹೆಸರು ಬರೆದುಕೊಂಡು, ಸಣ್ಣ ಬ್ಯಾಗು ಹಿಡಿದು ಹೋದೆ. ಆರು ತಂದೆ. ನಾಲ್ಕಲ್ಲ, ಆದರೆ ಹತ್ತೊಂಬತ್ತೂ ಅಲ್ಲ.

7. ಕೊಡುವುದು

ಬಾಡಿದ ಸೊಪ್ಪು ಮಾತ್ರ ರದ್ದಿಗೆ. ಹಳೆ ಗೈಡನ್ನು ದಾನ ಅಂತ ಶಾಲೆಗೆ ಕೊಟ್ಟು ಅವರ ಜಾಗ ತುಂಬಬೇಡಿ, ಪಾಪ.

ಮಕ್ಕಳ ಪುಸ್ತಕ, ಕತೆಗಳಿದ್ದರೆ ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. ಮೊದಲು ಹೋಗಿ ಕೇಳಿ, ಏನು ಬೇಕು ಅಂತ ಅವರೇ ಹೇಳಲಿ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಹಾಕಿ ಲಕ್ಷಾಂತರ ಸೇರಿಸಿದ್ದಾರೆ. ಕೊಡುವುದಕ್ಕೆ ಅಲ್ಲದಿದ್ದರೂ ಒಮ್ಮೆ ಹೋಗಿ ನೋಡಿ ಬನ್ನಿ. ನಿಮ್ಮ ರಾಶಿ ಬಹಳ ಚಿಕ್ಕದಾಗಿ ಕಾಣುತ್ತದೆ. ನಾನು ಮನೆಯವರನ್ನು ಬೇಕಂತಲೇ ಕರೆದುಕೊಂಡು ಹೋಗಿದ್ದೆ.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಒಬ್ಬರಿಗೆ ಒಂದೇ ಪುಸ್ತಕ ಕೊಟ್ಟದ್ದು. ರೈಲಿನಲ್ಲಿ ದಿನಾ ಎದುರು ಕೂರುವ ನರ್ಸ್ ಒಬ್ಬರಿಗೆ ಆ ಮೂರು ಪ್ರತಿಯ ಕಾದಂಬರಿಯಲ್ಲಿ ಒಂದು ಕೊಟ್ಟೆ. ಅವರು ನನಗಿಂತ ಮೊದಲು ಮುಗಿಸಿದರು. ಮಾರನೇ ದಿನದಿಂದ "ಎಲ್ಲಿವರೆಗೆ ಬಂದ್ರಿ ಮೇಡಂ?" ಅಂತ ಶುರು. ನಾಚಿಕೆಗೆ ನಾನೂ ಮುಗಿಸಿದೆ.

8. ವರ್ಷಕ್ಕೊಮ್ಮೆ ಮತ್ತೆ ಎಣಿಸಿ

ತಿಂಗಳಿಗೊಮ್ಮೆ ಎಣಿಸಿದರೆ ಸಂಖ್ಯೆಯೇ ಮುಖ್ಯವಾಗಿಬಿಡುತ್ತದೆ, ತೆಳ್ಳಗಿನದನ್ನೇ ಹುಡುಕಿ ಓದಲು ಶುರು ಮಾಡುತ್ತೀರಿ. ವರ್ಷಕ್ಕೆ ಒಂದು ಸಲ ಸಾಕು. ನಾನು ನವರಾತ್ರಿಯನ್ನೇ ಇಟ್ಟುಕೊಂಡಿದ್ದೇನೆ. ಹೇಗೂ ಪುಸ್ತಕ ಇಳಿಸಿ ಒರೆಸುವ ದಿನ.

2025ರ ನವರಾತ್ರಿಯ ಲೆಕ್ಕ ಹೀಗಿತ್ತು. 214ರಲ್ಲಿ ಓದಿದ್ದು 26. ಕೊಟ್ಟದ್ದು, ರದ್ದಿಗೆ ಹೋದದ್ದು ಸೇರಿ 63. ಹೊಸದಾಗಿ ಬಂದದ್ದು 17, ನಿಯಮದ ಪ್ರಕಾರ 13 ಆಗಬೇಕಿತ್ತು. ಉಳಿದದ್ದು 142.

ಪಟ್ಟಿಯನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಒಂದೊಂದೇ ಹೆಸರು ನೋಡಿದರು. ಬೀಗದ ಕೈ ಪಕ್ಕದ ಐದರಲ್ಲಿ ಯಾವುದಾದರೊಂದು ಮಧ್ಯಾಹ್ನದ ಹೊತ್ತು ಅವರ ಕೈಯಲ್ಲಿ ಇದ್ದದ್ದು ನನಗೆ ಗೊತ್ತಿತ್ತು. ಎಷ್ಟು ಅಂತ ಗೊತ್ತಿರಲಿಲ್ಲ. ನಾನಿನ್ನೂ ಓದದವುಗಳಲ್ಲೇ 22 ಓದಿ ಮುಗಿಸಿದ್ದರು.

"142 ಅಲ್ಲ, 120 ಅಂತ ಬರಿ" ಅಂದರು.

"ಅದು ನೀವು ಓದಿದ್ದು ಅತ್ತೆ, ನಾನಲ್ಲವಲ್ಲ."

"ನಾನೇನು ಪಕ್ಕದ ಮನೆಯವಳೇನಮ್ಮ?"

ಇನ್ನೂ ತೀರ್ಮಾನ ಆಗಿಲ್ಲ. ಪಟ್ಟಿಯಲ್ಲಿ ಸದ್ಯಕ್ಕೆ ಎರಡೂ ಸಂಖ್ಯೆ ಬರೆದಿಟ್ಟಿದ್ದೇನೆ.